ತಾಯಿ ಕಲಿಸಿದ ವಾಕ್ಯ

ಉಡುಪಿಯ ಕೌಟುಂಬಿಕ ನ್ಯಾಯಾಲಯದ ಕಾರಿಡಾರಿನಲ್ಲಿ, ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ವಕೀಲೆಯೂ ಅವರ ಕಕ್ಷಿದಾರೆ ಝೀಟಾ ಎಂಬವರೂ ಕುಳಿತಿದ್ದರು. ಝೀಟಾ ಅವರ ಏಳು ವರ್ಷದ ಮಗಳು ಯಾರ ಬಳಿ ಇರಬೇಕೆಂಬುದೇ ಪ್ರಕರಣ. ನ್ಯಾಯಾಧೀಶರು ಅಂದು ಮಗುವನ್ನು ಮಾತ್ರ ಚೇಂಬರಿಗೆ ಕರೆದು ಮಾತನಾಡಿಸುವವರಿದ್ದರು. ಮಗು ಕಿಟಕಿಯ ಬಳಿ ನಿಂತು ಏನನ್ನೋ ಬಾಯಿಪಾಠ ಮಾಡುತ್ತಿತ್ತು.

“ಅವಳು ಎಂತ ಹೇಳ್ತಿದ್ದಾಳೆ?” ವಕೀಲೆ ಕೇಳಿದರು.

“ಪ್ರಾರ್ಥನೆ ಇರಬೇಕು ಮೇಡಂ.”

“‘ತಾಯಿಯ ಸುಪರ್ದಿಯಲ್ಲಿರಲು ಇಚ್ಛಿಸುತ್ತೇನೆ’ ಅಂತ ಯಾವ ಇಗರ್ಜಿಯಲ್ಲಿ ಪ್ರಾರ್ಥನೆ ಉಂಟು ಮಾರಾಯ್ತಿ?”

“ನೀವು ಬರೆದ ಅರ್ಜಿಯಲ್ಲಿ ಉಂಟಲ್ವಾ? ಅದನ್ನೇ ಕಲಿಸಿದೆ.”

“ಮಗು ಅದನ್ನು ಒಪ್ಪಿಸಿದರೆ ಕಲಿಸಿದ್ದು ಅಂತ ಒಳಗೆ ಕೂಡಲೇ ಗೊತ್ತಾಗ್ತದೆ. ಆಮೇಲೆ ಅವಳ ನಿಜವನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ.”

“ಕಲಿಸದಿದ್ದರೆ ಅಪ್ಪ ಬೇಕು ಅಂತ ಹೇಳಿಯಾಳು.”

“ಹೇಳಲಿ. ಈಗಲೇ ಹೋಗಿ ಅದನ್ನು ಬಿಡಿಸಿ.”

ಝೀಟಾ ಎದ್ದುಹೋಗಿ ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಅವರು ಮಾತನಾಡಿದ ಕೊಂಕಣಿ ನನಗೆ ಅರ್ಥವಾಗುತ್ತದೆ.

“ಶಾರ್ಲೆಟ್, ಅದು ಬೇಡ ಬಾಯೆ. ನಿನಗೆ ಅನಿಸಿದ್ದು ಹೇಳು.”

“ಕಾರ್ಕಳದ ಮನೆಯಲ್ಲಿ ಡ್ಯಾಡಿ ನನಗೆ ಜಡೆ ಹಾಕ್ತಾರೆ ಅಂತ ಹೇಳಬಹುದಾ?”

ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು. ಝೀಟಾ ವಕೀಲೆಯ ಮುಖ ನೋಡಿದರು. ವಕೀಲೆ ಫೈಲು ಎತ್ತಿಕೊಂಡು ಎದ್ದರು.

“ಹೇಳು,” ಝೀಟಾ ಮಗಳಿಗೆ ಅಂದರು.

“ನೀನು ಅಳುವುದಿಲ್ಲ ಅಲ್ವಾ?”

“ಇಲ್ಲ. ನಡಿ.”

ಮೂವರೂ ಬಾಗಿಲಿನವರೆಗೆ ಹೋದರು. ಒಳಗೆ ಹೋದದ್ದು ಮಗು ಮಾತ್ರ.