ಎರಡು ವರ್ಷದ ಗಡುವು

ಥ್ಯಾಂಕ್ಸ್ ಅಂತೆ ಥ್ಯಾಂಕ್ಸು! ಸಾಕು ನಿಲ್ಸಪ್ಪಾ. ಬೆಳಿಗ್ಗೆ ತಿಂಡಿಗೆ ಕೂತಾಗ ಒಂದ್ಸಲ, ಕಣ್ಣಾಸ್ಪತ್ರೆಯಿಂದ ವಾಪಸ್ ಬರ್ತಾ ಆಟೋದಲ್ಲಿ ಒಂದ್ಸಲ, ಈಗ ಜಗಲಿ ಮೇಲೆ ಕಾಫಿ ಹಿಡ್ಕೊಂಡು ಮತ್ತೆ ಶುರು ಹಚ್ಕೊಂಡ್ಯಾ? ಆ ಆಟೋದವನ ಮುಂದೆ ಏನಂದೆ ನೀನು? 'ನಮ್ಮ ದೇಶ ಉಳಿಸಿದ ಮನುಷ್ಯ ಇವನು!' ಅವನು ಕನ್ನಡೀಲಿ ನನ್ನ ಮುಖ ನೋಡಿ ನಕ್ಕ. ನಿನ್ನ ಕನ್ನಡ ಕೇಳಿ ನಕ್ಕನೋ, ಈ ರಿಟೈರ್ಡ್ ಮುಖ ನೋಡಿ ನಕ್ಕನೋ, ದೇವರಿಗೇ ಗೊತ್ತು.

ದೇಶ ಉಳಿಸೋದು! ನಿಮ್ಮದೂ ಒಂದು ದೇಶ! ಮ್ಯಾಪ್ ಮೇಲೆ ನೊಣ ಕೂತ್ರೆ ಮುಚ್ಚೋಗುತ್ತೆ... ಸಿಟ್ಟಾಗ್ಬೇಡ ಜೋಸೆಫ್. ಮೈಸೂರಿನ ಮಾನಸಗಂಗೋತ್ರೀಲಿ ಒಂದೇ ಬೆಂಚಲ್ಲಿ ಕೂತು ಎಂ.ಎ. ಮಾಡಿದೋರು ನಾವು. ಇದೇ ಚಾಮರಾಜಪುರಂ ಮನೇಲಿ ನಮ್ಮವ್ವನ ಕೈಲಿ ಮುದ್ದೆ ನುಂಗೋದು ಕಲ್ತೋನು ನೀನು, ಮೊದಲನೇ ದಿನ ಅಗಿದೂ ಅಗಿದೂ ಕಣ್ಣಲ್ಲಿ ನೀರು ತಂದ್ಕೊಂಡಿದ್ದೆ. ನಿನ್ನ ಹತ್ರ ನಾಜೂಕಾಗಿ ಮಾತಾಡೋಕೆ ನನಗೆ ಬರಲ್ಲ.

ನೀನು ನಿಮ್ಮ ದ್ವೀಪದಲ್ಲಿ ಹಣಕಾಸು ಕಾರ್ಯದರ್ಶಿ ಆದೆ, ನಾನು ದೆಹಲೀಲಿ ಹೊರದೇಶಗಳಿಗೆ ಸಾಲ ಕೊಡೋ ಕಡೆ ಕುರ್ಚಿ ಹಾಕ್ಕೊಂಡು ಕೂತೆ. ನಿಮ್ಮ ಫೈಲು ಮೊದಲು ನನ್ನ ಮೇಜಿಗೆ ಬಂದಾಗ... ಅಯ್ಯೋ, ನಕ್ಕೂ ನಕ್ಕೂ ಸಾಕಾಯ್ತು ಕಣೋ! ಸ್ವಾತಂತ್ರ್ಯ ಬಂದ ಮರುವರ್ಷಾನೇ ಒಂದು ಸರ್ಕಾರದ ಹತ್ರ ಅಣೆಕಟ್ಟಿಗೆ ಸಾಲ. ಸರಿ, ಕರೆಂಟು ಬೇಕು, ಒಪ್ಪಿದೆ. ಎಣ್ಣೆ ರೇಟು ಏರ್ತು, ಅಣೆಕಟ್ಟಿನ ಕಂತು ಕಟ್ಟೋಕೆ ಇನ್ನೊಂದು ಸರ್ಕಾರದ ಹತ್ರ ಸಾಲ. ಅದರ ಬಡ್ಡಿಗೆ ಮೂರನೇ ಸರ್ಕಾರ! ಆಮೇಲೆ ಬಂದ್ರಲ್ಲಪ್ಪ ದೊಡ್ಡ ಧಣಿಗಳು, ಬಂದರು ಕಟ್ಟಿಸಿಕೊಡ್ತೀವಿ ಅಂತ. ಹಡಗೇ ಬರದ ಬಂದರು! ಕ್ರೇನಿನ ತುದೀಲಿ ಹಕ್ಕಿ ಗೂಡು ಕಟ್ಟಿದೆ ಅಂತ ನೀನೇ ಹೇಳಿದ್ದೆಯಲ್ಲ. ಅದೂ ಸಾಲ್ದು ಅಂತ ನಿಮ್ಮ ಅಧ್ಯಕ್ಷರು ಹುಟ್ಟೂರಿಗೊಂದು ವಿಮಾನ ನಿಲ್ದಾಣ ಮಾಡಿಸ್ಕೊಂಡ್ರು. ರನ್‌ವೇ ಮೇಲೆ ಮೆಣಸಿನಕಾಯಿ ಒಣಗಿಸ್ತಾರಂತೆ! ಕೊನೆಗೆ ಕುಡಿಯೋ ನೀರಿನ ಪೈಪಿಗೆ ಅಂತ ನಮ್ಮ ಬಾಗಿಲಿಗೆ ಬಂದ್ರಿ. ಸಾಲ ಮಾಡಿ ತುಪ್ಪ ತಿಂದೋರನ್ನ ನೋಡಿದ್ದೀನಿ ಕಣೋ. ನೀವು ತುಪ್ಪಾನೂ ತಿನ್ನಲಿಲ್ಲ, ತುಪ್ಪದ ಖಾಲಿ ಮಿಳ್ಳೆ ತಂದಿಟ್ಕೊಂಡ್ರಿ.

ಯಾಕೆ ನಗ್ತೀಯಾ? ಓಹೋ... ಗೊತ್ತಾಯ್ತು ಬುಡು. ನೀವೇನು ಕಮ್ಮಿ ಅಂತ ತಾನೇ? ಹೌದಪ್ಪಾ, ನಾವೂ ಕೈ ಚಾಚಿದ್ವಿ. ಅಮೆರಿಕದವರ ರವೆ ಉಪ್ಪಿಟ್ಟು ತಿಂದು ಸ್ಕೂಲಿಗೆ ಹೋದೋನು ನಾನು, ಆ ವಾಸನೆ ನೆನೆಸ್ಕೊಂಡ್ರೆ ಇವತ್ತಿಗೂ ವಾಕರಿಕೆ. ಈಗಲೂ ಜಪಾನಿನವರ ದುಡ್ಡಲ್ಲಿ ಮೆಟ್ರೋ ಓಡಿಸ್ತೀವಿ. ಆದ್ರೆ ಕಟ್ತೀವಿ! ತೊಂಬತ್ತೊಂದರಲ್ಲಿ ಚಿನ್ನಾನ ವಿಮಾನಕ್ಕೆ ಹಾಕಿ ಒತ್ತೆ ಇಟ್ವಿ, ಕಂತು ಮಾತ್ರ ತಪ್ಪಿಸಲಿಲ್ಲ. ನೀವು? ಒಂದಿನ ಟಿವೀಲಿ ಬಂದು 'ನಮ್ಮ ಕೈಲಾಗಲ್ಲ' ಅಂದ್ಬುಟ್ರಿ! ಅಷ್ಟು ಸಲೀಸಾ ಅದು? ಮಾನ ಮರ್ಯಾದೆ ಇರೋ ಸಂಸಾರಸ್ಥ ಆಡೋ ಮಾತಾ?

ಆಮೇಲೆ ದೆಹಲಿಗೆ ಬಂದ್ರಿ. ಜನವರಿ ಚಳಿ. ನಿಮ್ಮ ಕಡೆಯೋರು ಸಮುದ್ರದ ಗಾಳಿಗೆ ಹೊಲಿಸಿದ ತೆಳ್ಳನೆ ಕೋಟು ಹಾಕ್ಕೊಂಡು ಗಡಗಡ ನಡುಗ್ತಾ ಕೂತಿದ್ರಿ. ಬೇಡೋಕೆ ಬರೋರು ಬೆಚ್ಚಗಾದ್ರೂ ಬರಬಾರದಾ! ನಾಲ್ಕು ವರ್ಷ ಕಂತು ಕೇಳ್ಬೇಡಿ, ಆಮೇಲೆ ಬಡ್ಡಿ ಸಮೇತ ಕಟ್ತೀವಿ ಅಂದೆ ನೀನು. ನಾನು ಒಂದೇ ವರ್ಷ ಅಂದೆ. ಬೆಳಗಿಂದ ಅದೇ ಹಗ್ಗಜಗ್ಗಾಟ. ಟೀಗೆ ಬಿಟ್ಟಾಗ ಕಾರಿಡಾರಲ್ಲಿ ನನ್ನ ಹಿಂದೇನೇ ಬಂದೆ. 'ವಾಗೀಶಾ, ಗೆಳೆಯನಾಗಿ ಕೇಳ್ತೀನಿ ಕಣೋ...' ಕನ್ನಡದಲ್ಲಿ! ಆ ಆಫೀಸಲ್ಲಿ! ಪಕ್ಕದಲ್ಲಿ ನಮ್ಮ ಜೂನಿಯರ್ ಸಂಜಯ್ ನಿಂತಿದ್ದ, ಹಾಸನದೋನು, ಅವನ ಕಿವಿ ನೆಟ್ಟಗಾಗಿದ್ದು ನಾನು ನೋಡ್ದೆ.

ನಾನೇನಂದೆ ಆಗ? 'ನನ್ನ ಕೈ ಕಟ್ಟಾಕಿದ್ದಾರೆ ಜೋಸೆಫ್. ಎರಡು ವರ್ಷದ ಮೇಲೆ ಒಂದು ದಿನ ಕೊಡೋಕೂ ನನಗೆ ಅಧಿಕಾರ ಇಲ್ಲ.' ಅಷ್ಟೇ ತಾನೇ ಅಂದಿದ್ದು? ನೀನು ನನ್ನ ಕೈ ಹಿಡ್ಕೊಂಡು ಅತ್ತೆ. ಥೂ! ಒಂದು ದೇಶದ ಹಣಕಾಸು ಕಾರ್ಯದರ್ಶಿ, ಟೀ ಕಪ್ಪುಗಳ ಮಧ್ಯೆ ನಿಂತ್ಕೊಂಡು ಅಳೋದಾ? ಅವತ್ತೇ ನನಗೆ ಅನ್ನಿಸ್ತು, ಇವರಿಗೆ ಎಷ್ಟು ಕೊಟ್ರೂ ದಂಡ ಅಂತ.

ಹೂಂ, ಗಡುವು ಮುಗೀತು. ಕಟ್ಟಿ ಅಂದ್ವಿ. ನೀವೇನ್ ಮಾಡಿದ್ರಿ? ದುಡ್ಡು ಹೊಂದಿಸೋಕೆ ಡೀಸೆಲ್ ಬೆಲೆ ಏರಿಸಿದ್ರಿ. ಬೆಸ್ತರ ದೋಣಿಗಳೆಲ್ಲ ದಡದಲ್ಲೇ ನಿಂತ್ವು. ಆದೇಶಕ್ಕೆ ಸಹಿ ಯಾರದ್ದು? ನಿಂದು! ನಿಮ್ಮ ಅಧ್ಯಕ್ಷ ಜಾಣ, ಅವತ್ತು ಊರಲ್ಲೇ ಇರಲಿಲ್ಲ. ಜನ ಬಂದಿದ್ದು ನಿನ್ನ ಮನೆ ಮುಂದಕ್ಕೆ. ಕಲ್ಲು ತೂರಿದ್ರು, ಕಿಟಕಿ ಹತ್ರ ಲೂಸಿ ನಿಂತಿದ್ಲು, ಗಾಜು ಸೀದಾ... ಹೇಳ್ಬೇಡ. ಬೇಡ ಅಂದ್ನಲ್ಲ! ಡಾಕ್ಟ್ರು ಇವತ್ತು ಹೇಳಿದ್ದು ನನಗೂ ಕೇಳಿಸ್ತು. ಬಲಗಣ್ಣಿನ ಆಸೆ ಬಿಡಿ, ಎಡಗಣ್ಣು ಉಳಿಸೋಕೆ ನೋಡೋಣ ಅಂದ್ರು. ನಿನ್ನ ಹೆಂಡತಿ ನೋಡು, ಅಷ್ಟು ಕೇಳಿಸ್ಕೊಂಡು ಬಂದೂ ಅಡುಗೆಮನೇಲಿ ನಮ್ಮ ಸರ್ವಮಂಗಳಾ ಜೊತೆ ಹುರುಳಿಕಾಳು ಸಾರಿನ ಒಗ್ಗರಣೆ ಮೂಸ್ತಾ ನಗ್ತಾ ಇದ್ದಾಳೆ. ಭಾಷೆ ಬರದಿದ್ರೂ ಅದೇನು ಮಾತಾಡ್ತಾರೋ ಇಬ್ರೂ!

ಆಮೇಲೆ ನಿಮ್ಮ ಜನ! ನಿನ್ನ ಮನೆ ಗಾಜು ಒಡೆದೋರು ಆ ವಿಮಾನ ನಿಲ್ದಾಣದ ಒಂದು ಇಟ್ಟಿಗೆ ಮುಟ್ಟಿದ್ರಾ? ಇಲ್ಲ! ಅಲ್ಲಿಗೆ ಹೋಗೋಕೆ ಬಸ್ ಚಾರ್ಜು ಬೇಕಲ್ಲ! ಕೆಲಸ ಹೋದದ್ದೂ ನಿಂದೇ. ಅಂಥಾ ಮಣ್ಣಿಗೆ ನೀನು ಪ್ರಾಣ ಬಿಡೋನು, ಪೆದ್ದ!

ಇಷ್ಟೆಲ್ಲ ಆದ್ಮೇಲೂ ಬಂದು ನನಗೆ ಕೈ ಮುಗೀತೀಯಾ? 'ಬೇರೆ ದೇಶದೋರು ಆರು ತಿಂಗಳೂ ಕೊಡಲಿಲ್ಲ, ವಾಗೀಶ ಎರಡು ವರ್ಷ ಕೊಡಿಸ್ದ' ಅಂತ ಸರ್ವಮಂಗಳಾಗೂ ಹೇಳಿದ್ದೀಯಾ. ನಿನ್ನೆ ರಾತ್ರಿ ಅವಳು ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ ತುಪ್ಪ ಸುರಿದ್ಲು. ಮದುವೆಯಾದಾಗಿಂದ ಅಷ್ಟು ಗೌರವದಿಂದ ಬಡಿಸಿರಲಿಲ್ಲ ಮಹಾರಾಯ್ತಿ! ಅರ್ಧಕ್ಕೇ ಬಿಟ್ಟು ಎಲೆ ಮಡಚಿ ಎದ್ದೆ ನಾನು...

ಯಾಕೆ ಅಂದ್ರೆ? ಯಾಕೆ ಅಂದ್ರೆ ನಿಮ್ಮಂಥೋರಿಗೆ ದಯೆ ತೋರಿಸೋದೇ ತಪ್ಪು! ಸಾಲಗಾರನಿಗೆ ಉಸಿರಾಡೋಕೆ ಬಿಟ್ರೆ ಏನ್ಮಾಡ್ತಾನೆ? ಆ ಉಸಿರಲ್ಲೇ ಇನ್ನೊಬ್ಬನ ಹತ್ರ ಹೋಗಿ ಸಾಲ ಕೇಳ್ತಾನೆ. ಹೆಚ್ಚು ಕೊಟ್ಟಿದ್ರೆ ಉದ್ಧಾರ ಆಗ್ತಿದ್ರಾ? ನೀನು ಕೇಳಿದ ನಾಲ್ಕು ವರ್ಷ ಹಾಗಿರ್ಲಿ, ದೆಹಲಿ ಹೇಳಿದ ಐದನ್ನೂ ಕೊಟ್ಟಿದ್ರೆ ಇನ್ನೊಂದು ವಿಮಾನ ನಿಲ್ದಾಣ ಎದ್ದಿರೋದು ಅಷ್ಟೇ!

...

ಏನು?

ಯಾವ ಐದು? ಐದು ಅಂದ್ನಾ? ಮಾತಿಗಂದೆ ಕಣೋ. ಐದು, ಹತ್ತು, ಐವತ್ತು... ಬಾಯಿಗೆ ಬಂದಿದ್ದು. ಕುಡಿ, ಕಾಫಿ ಆರೋಗುತ್ತೆ. ಯಾಕೆ ಲೋಟ ಕೆಳಗಿಟ್ಟೆ?

ಹಂಗೆ ನೋಡ್ಬೇಡ.

ಎಲ್ಲಾ ಸಂಧಾನದಲ್ಲೂ ಹಂಗೇ ಇರುತ್ತೆ, ನೀನೂ ಆ ಕುರ್ಚೀಲಿ ಕೂತೋನೇ, ನಿನಗೆ ಗೊತ್ತಿಲ್ವಾ? 'ಐದು ವರ್ಷದವರೆಗೂ ಹೋಗಿ, ಆದಷ್ಟು ಕಡಿಮೇಲಿ ಮುಗಿಸಿ' ಅಂತಾರೆ ಮೇಲಿನೋರು. ಕಡಿಮೇಲಿ ಮುಗಿಸೋದೇ ನನ್ನ ಕೆಲಸ, ಅದಕ್ಕೇ ನನಗೆ ಸಂಬಳ! ನೀನು ನೋಡಿದ್ರೆ ಸಂಜಯನ ಮುಂದೆ ಕನ್ನಡ ಶುರು ಮಾಡ್ದೆ. ಕ್ಲಾಸ್‌ಮೇಟು, ಮನೆಯೋನ ಥರ ಇದ್ದೋನು, ಅದಕ್ಕೇ ಬಿಟ್ಟುಕೊಟ್ಟ ಅಂತ ನಾಳೆ ನಾಲ್ಕು ಜನ ಆಡ್ಕೊಂಡ್ರೆ? ಬೇರೆ ಯಾರಾದ್ರೂ ಆಗಿದ್ರೆ ನಾಲ್ಕು ಕೊಡ್ತಿದ್ದೆನೋ ಏನೋ... ನೀನು ಅಂತಾನೇ ಕೊಡೋಕೆ ಆಗಲಿಲ್ಲ ಕಣೋ. ಅರ್ಥ ಆಗುತ್ತಾ?

ಎರಡಕ್ಕೇ ಮುಗಿಸಿದೆ ಅಂತ ಮೇಲಿನೋರು ಬೆನ್ನು ತಟ್ಟಿದ್ರು. ಒಂದು ಪ್ರಮೋಷನ್ ಕೂಡ ಕೊಡಲಿಲ್ಲ ನನ್ಮಕ್ಳು.

ಬಯ್ಯೋ. ಒಂದು ಮಾತಾದ್ರೂ ಆಡೋ. ಬೆಳಗಿಂದ ಬಾಯಿ ಮುಚ್ಚದೆ ಥ್ಯಾಂಕ್ಸ್ ಥ್ಯಾಂಕ್ಸ್ ಅಂತಿದ್ದೋನು...

ಎಲ್ಲಿಗೆ ಎದ್ದೆ? ಒಳಗಾ?

ಇರೋ. ಜೋಸೆಫ್, ಇರು! ಲೂಸಿಗೆ ಹೇಳ್ಬೇಡ ಅನ್ನಲ್ಲ ನಾನು. ಹೇಳು. ಇಬ್ರಿಗೂ ಹೇಳು, ಸರ್ವಮಂಗಳಾಗೂ ಹೇಳು... ಆದ್ರೆ ನಾಳೆ ಆಪರೇಷನ್ ಅಲ್ವಾ ಲೂಸಿಗೆ. ಈ ಹೊತ್ತಲ್ಲಿ ಅವಳು ಅಳಬಾರದು ಅಂತ ಡಾಕ್ಟ್ರು ಹೇಳಿದ್ದಾರೆ. ಅದೊಂದು ಮುಗೀಲಿ. ಕಣ್ಣಿನ ಪಟ್ಟಿ ಬಿಚ್ಚೋವರೆಗೂ... ಇಲ್ಲ, ಅಷ್ಟೂ ಬೇಡ. ಇವತ್ತೊಂದು ದಿನ ಬಿಟ್ಬುಡೋ.

ಜೋಸೆಫ್?