ಥೆಲ್ಮಾ ಪಾಸ್ಕೊ ಅವರ ಕಾರಿನ ಹಿಂದಿನ ಸೀಟು

ಈ ಸಭೆಯ ಅಧ್ಯಕ್ಷರೂ ನಮ್ಮ ಸಕ್ಕರೆ ಕಾರ್ಖಾನೆಯ ವ್ಯವಸ್ಥಾಪಕರೂ ಆದ ಶ್ರೀ ಟ್ರೆಲೋರ್ ಅವರೇ, ಮಕ್ಕಳ ರಕ್ಷಣಾ ಇಲಾಖೆಯಿಂದ ಇಷ್ಟು ದೂರ ಬಂದಿರುವ ಮುಖ್ಯ ಅತಿಥಿಗಳೇ, ಆಸ್ಪತ್ರೆ ಸಹಾಯಕ ಸಂಘದ ಪದಾಧಿಕಾರಿಗಳೇ, ಇಂದು ನಾವು ಬೀಳ್ಕೊಡುತ್ತಿರುವ, ಈಗಾಗಲೇ ಕರವಸ್ತ್ರ ಹೊರತೆಗೆದಿರುವ ಶ್ರೀಮತಿ ಥೆಲ್ಮಾ ಪಾಸ್ಕೊ ಅವರೇ, ಮತ್ತು ಈ ಭಾಷಣ ಯಾವಾಗ ಮುಗಿಯುತ್ತದೆಯೋ ಎಂದು ಊಟದ ಮೇಜಿನ ಕಡೆ ಕಣ್ಣು ಹಾಯಿಸುತ್ತಿರುವ ನನ್ನ ಪ್ರೀತಿಯ ಸಭಿಕರೇ,

ಕಾರ್ಯದರ್ಶಿಗಳು ನನ್ನನ್ನು ವೇದಿಕೆಗೆ ಕಳಿಸುವ ಮುಂಚೆ ಬಾಗಿಲ ಬಳಿ ನಿಲ್ಲಿಸಿ ಹೇಳಿದರು: "ನೋಡು ಡೆಲ್ಫಿನಾ, ಐದೇ ನಿಮಿಷ. ಒಂದಿಷ್ಟು ನಗಿಸು. ಹಳೇದೆಲ್ಲ ಬೇಡ." ಆಗಲಿ ಎಂದೆ. ನಾನು ಮಾತಿಗೆ ತಪ್ಪುವವಳಲ್ಲ. ನಗಿಸುತ್ತೇನೆ.

ಥೆಲ್ಮಾ ಅವರು ಸಂಘದ ಪರವಾಗಿ ಆಸ್ಪತ್ರೆಯ ಕಾರನ್ನು ಓಡಿಸುವ ವೈಖರಿಯನ್ನು ನಾನು ಬಣ್ಣಿಸಬೇಕೆ? ನನ್ನ ಗಂಡ ರೆನ್ಜೊ ಕಬ್ಬಿನ ರೈಲು ಓಡಿಸುವವರು. ನಮ್ಮ ಜಿಲ್ಲೆಯಲ್ಲಿ ತಮ್ಮ ರೈಲಿಗಿಂತ ನಿಧಾನವಾಗಿ ಹೋಗುವ ವಾಹನ ಇದೊಂದೇ ಎಂದು ಅವರು ಇವತ್ತಿಗೂ ಹೇಳುತ್ತಾರೆ. ಒಂದು ಸಲ ಹಳಿ ದಾಟುವ ಜಾಗದಲ್ಲಿ ಇಂಜಿನ್ನಿನಿಂದ ತಲೆ ಹೊರಗೆ ಹಾಕಿ, "ಏನ್ ಥೆಲ್ಮಾ, ಗಾಡಿ ಕೆಟ್ಟು ನಿಂತಿದ್ಯಾ?" ಎಂದು ಕೂಗಿದರಂತೆ. ಥೆಲ್ಮಾ ಕಿಟಕಿ ಇಳಿಸಿ, "ನಿಂತಿಲ್ಲಪ್ಪಾ, ಓಡ್ತಾ ಇದೆ. ನೀನು ಮೊದ್ಲು ಕನ್ನಡಕ ಹಾಕ್ಸ್ಕೋ" ಎಂದರಂತೆ.

ನಕ್ಕಿರಿ. ಸಂತೋಷ. ಆ ಕಾರಿನಲ್ಲಿ ನಮ್ಮ ಮನೆಯವರಷ್ಟು ಓಡಾಡಿದವರು ಈ ಊರಿನಲ್ಲಿ ಯಾರೂ ಇಲ್ಲ, ಅದಕ್ಕೇ ನನ್ನನ್ನು ಕರೆದಿದ್ದಾರೆ. ಆದರೆ ಓಡಾಡಿದ್ದು ಏಕೆ? ಅದನ್ನು ಬಿಟ್ಟು ಥೆಲ್ಮಾ ಅವರ ಬಗ್ಗೆ ನಾನು ಏನು ಹೇಳಲಿ? ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ನೋಡಲಿ.

ನನ್ನ ಮಗಳು ನೆರಿಡಾ ಈಗ ಹಿಂದಿನ ಸಾಲಿನಲ್ಲಿ ಗೆಳತಿಯರ ಜೊತೆ ಕುಳಿತು, ಅಮ್ಮ ತನ್ನ ಹೆಸರು ಎತ್ತದಿದ್ದರೆ ಸಾಕಪ್ಪಾ ಎಂದುಕೊಳ್ಳುತ್ತಿದ್ದಾಳೆ. ಎತ್ತಿದ್ದಾಯಿತು. ಎದೆಹಾಲು ಕುಡಿಯುವ ತನಕ ಅವಳು ಗುಂಡು ಕಲ್ಲಿನ ಹಾಗಿದ್ದಳು. ಹಣ್ಣು, ಬಿಸ್ಕತ್ತು ಎಂದು ಬಾಯಿಗೆ ಹಾಕಲು ಶುರು ಮಾಡಿದ ಮೇಲೆ ಒಂದೊಂದಾಗಿ ಆರಂಭವಾಯಿತು. ವಾಂತಿ. ತಣ್ಣನೆಯ ಬೆವರು. ಮೈ ಬಿಳಿಚಿ ಕೈಯಲ್ಲೇ ವಾಲಿಬಿಡುವುದು. ಆಸ್ಪತ್ರೆಗೆ ಓಡುತ್ತಿದ್ದೆವು. ಅವರು ಊಟ ನಿಲ್ಲಿಸಿ, ಗ್ಲೂಕೋಸ್ ಏರಿಸುತ್ತಿದ್ದರು. ಮಾರನೆಯ ದಿನ ನೋಡಿದರೆ ಮಗು ಮಂಚದ ಮೇಲೆ ಕುಣಿಯುತ್ತಿರುತ್ತಿತ್ತು. ಮನೆಗೆ ಕರೆತಂದರೆ ಮತ್ತೆ ಅದೇ.

ನಮ್ಮ ಊರಿನಲ್ಲಿ ಮಕ್ಕಳ ವಾಂತಿಗೆ ಮದ್ದೇನು? ಗ್ಯಾಸು ಹೋಗಲು ಬಿಟ್ಟ ಸಿಹಿ ಲೆಮನೇಡು. ನಿಮ್ಮ ಅಜ್ಜಿ ಕೊಟ್ಟಿದ್ದು ಅದೇ, ಡಾಕ್ಟರು ಹೇಳಿದ್ದೂ ಅದೇ. ನಾನೂ ಕೊಟ್ಟೆ. ಚಮಚ ಚಮಚವಾಗಿ, ತಲೆ ನೇವರಿಸುತ್ತಾ. ಅವಳು ತುಟಿ ಬಿಗಿದು ಮುಖ ತಿರುಗಿಸುತ್ತಿದ್ದಳು. "ಸಿಹಿ ಕಚ್ಚುತ್ತೆ ಅಮ್ಮಾ" ಎನ್ನುತ್ತಿದ್ದಳು. ಸಿಹಿ ಕಚ್ಚುತ್ತದಂತೆ! ಮನೆಮಂದಿಯೆಲ್ಲ ನಕ್ಕೆವು. ಹುಳುಕು ಇರಬಹುದೆಂದು ಹಲ್ಲಿನ ಡಾಕ್ಟರಿಗೂ ತೋರಿಸಿದೆ. ಹಲ್ಲು ಮುತ್ತಿನ ಹಾಗಿದ್ದವು.

ಸಭಿಕರೇ, ಸಕ್ಕರೆಯ ಊರಿನಲ್ಲಿ ಸಕ್ಕರೆಯನ್ನು ಅನುಮಾನಿಸುವವರು ಯಾರು? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಉಪ್ಪಿನ ಜಾಗವನ್ನೂ ಸಕ್ಕರೆಯೇ ಹಿಡಿದಿದೆ. ನನ್ನ ಮನೆ, ನಿಮ್ಮ ಮನೆ, ಈ ಸಭಾಭವನದ ಛಾವಣಿ, ಎಲ್ಲವೂ ಅದರಿಂದ ಬಂದದ್ದು. ಅದನ್ನು ಯಾರೂ ಅನುಮಾನಿಸಲಿಲ್ಲ. ಆದರೆ ಯಾರನ್ನಾದರೂ ಅನುಮಾನಿಸಲೇಬೇಕಿತ್ತಲ್ಲ. ನಾನಿದ್ದೆ.

ಆಗಿನ ಡಾಕ್ಟರರ ಹೆಸರು ಹೇಳುವುದಿಲ್ಲ, ಅವರು ಊರು ಬಿಟ್ಟು ಬಹಳ ಕಾಲವಾಯಿತು. ಅವರಿಗೆ ಕಂಡದ್ದು ಇಷ್ಟು: ಮಗು ಆಸ್ಪತ್ರೆಯಲ್ಲಿ ಚೆನ್ನಾಗಿರುತ್ತದೆ, ತಾಯಿಯ ಕೈಗೆ ಹೋದ ಕೂಡಲೇ ಹಾಳಾಗುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಾನು ಅಳದೆ ಕುಳಿತರೆ ಕಲ್ಲು ಮನಸ್ಸಿನವಳು ಎಂದರು. ಅತ್ತರೆ ನಾಟಕ ಎಂದರು. ಕಾಯಿಲೆಯ ಬಗ್ಗೆ ಓದಿಕೊಂಡು ಹೋಗಿ ಪ್ರಶ್ನೆ ಕೇಳಿದರೆ, ಈ ಹೆಂಗಸಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದರು. ಎಲ್ಲರೂ ನನ್ನನ್ನು ನೋಡಲಿ, ಅಯ್ಯೋ ಪಾಪ ಎನ್ನಲಿ ಎಂದು ಹೆತ್ತ ಮಗುವಿಗೆ ನಾನೇ ಏನೋ ಹಾಕುತ್ತಿದ್ದೇನಂತೆ.

ಇಲಾಖೆಯ ಹೆಂಗಸು ವಿಚಾರಣೆಗೆ ಮನೆಗೆ ಬಂದಾಗ ನಮ್ಮತ್ತೆ ಅಸ್ಸುಂತಾ ಬಾಗಿಲಿಗೆ ಅಡ್ಡ ನಿಂತರು. "ನಾನು ಆರು ಹೆತ್ತೋಳು. ಕೇಳು ಇಲ್ಲಿ. ನನ್ ಸೊಸೆ ಅಡುಗೆ ಬಾಯಿಗಿಡೋ ಹಾಗಿರಲ್ಲ, ಅದಕ್ಕೆ ಬೇಕಾದ್ರೆ ಎಲ್ಲಿ ಬೇಕಾದ್ರೂ ಬಂದು ಸಾಕ್ಷಿ ಹೇಳ್ತೀನಿ. ಆದ್ರೆ ಮಗೂಗೆ ವಿಷ ಹಾಕೋ ಜಾತಿ ಅಲ್ಲ ಇವಳು, ಹೋಗು!" ಎಂದರು. ಅವರು ಸತ್ತು ಸ್ವರ್ಗದಲ್ಲಿದ್ದಾರೆ, ಅಲ್ಲಿಯ ಅಡುಗೆಯನ್ನೂ ಹಳಿಯುತ್ತಿರುತ್ತಾರೆ. ಆ ಹೆಂಗಸು ಏನು ಬರೆದುಕೊಂಡಳು ಗೊತ್ತೇ? 'ತಾಯಿ ಕೊಡುವ ಆಹಾರದ ಬಗ್ಗೆ ಅಜ್ಜಿಯೂ ಆತಂಕ ವ್ಯಕ್ತಪಡಿಸಿದ್ದಾರೆ.' ನಗಿ, ನಗಿ. ಈಗ ನಾನೂ ನಗುತ್ತೇನೆ.

ಮಗುವನ್ನು ಕರೆದೊಯ್ದರು. ಘಾಟಿಯ ಮೇಲೆ ಹಸು ಸಾಕುವ ಒಂದು ಕುಟುಂಬದಲ್ಲಿ ಇರಿಸಿದರು. ಒಳ್ಳೆಯ ಜನ. ಆ ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆ, ಹಾಗಾಗಿ ಅಲ್ಲಿ ಹಾಲು, ಮೊಟ್ಟೆ, ಮಾಂಸ, ಆಲೂಗಡ್ಡೆ ಅಷ್ಟೇ. ಸಿಹಿ ಪದಾರ್ಥ ಹೊಸ್ತಿಲು ದಾಟುವ ಹಾಗಿರಲಿಲ್ಲ. ನನ್ನ ನೆರಿಡಾ ಅಲ್ಲಿ ಕೆನ್ನೆ ತುಂಬಿಕೊಂಡಳು. ಮಗಳು ಚೇತರಿಸಿಕೊಂಡಳು ಎಂದು ಕೇಳಿ ಎದೆ ಒಡೆದುಕೊಂಡ ತಾಯಿಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ಅವಳು ತುಂಬಿಕೊಂಡ ಒಂದೊಂದು ಗ್ರಾಂ ಮೈಯೂ ನನ್ನ ವಿರುದ್ಧ ಸಾಕ್ಷಿಯಾಗಿತ್ತು.

ಇನ್ನು ಈ ಊರು. ಯಾರ ಮನೆಯಲ್ಲಿ ಕಷ್ಟವಾದರೂ ಅಡುಗೆ ಮಾಡಿ, ಪಾತ್ರೆಯ ತಳಕ್ಕೆ ಹೆಸರಿನ ಚೀಟಿ ಅಂಟಿಸಿ, ಜಗಲಿಯ ಮೇಲೆ ಇಟ್ಟು ಹೋಗುವುದು ನಮ್ಮ ಸಂಪ್ರದಾಯ. ನೆರಿಡಾ ಕಾಯಿಲೆ ಬಿದ್ದಾಗ ನನ್ನ ಜಗಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅವಳನ್ನು ಕರೆದೊಯ್ದ ಮೇಲೆ ಅಡುಗೆ ಬರುವುದು ನಿಂತಿತು. ಅದು ಹೋಗಲಿ. ತೊಳೆದು ಒರೆಸಿ ಜೋಡಿಸಿಟ್ಟ ನಿಮ್ಮ ಪಾತ್ರೆಗಳನ್ನು ವಾಪಸು ಕೇಳಲೂ ಯಾರೂ ಬರಲಿಲ್ಲ. ಒಳ್ಳೆಯ ಗಾಜಿನ ಪಾತ್ರೆಗಳು. ಹೋದರೆ ಹೋಗಲಿ, ಅವಳ ಬಾಗಿಲು ತಟ್ಟುವುದು ಬೇಡ ಎಂದುಕೊಂಡಿರಿ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಮುಂದಿನ ಸಾಲಿನವರು ತಲೆ ತಗ್ಗಿಸುವುದು ಬೇಡ, ಸಿಟ್ಟಿಲ್ಲ ಎಂದೆನಲ್ಲ.

ಈಗ ಥೆಲ್ಮಾ ಅವರು ಬರುತ್ತಾರೆ. ವಾರಕ್ಕೊಮ್ಮೆ ನೆರಿಡಾಳನ್ನು ಘಾಟಿಯಿಂದ ಇಳಿಸಿ ತಂದು, ಹಳೆಯ ಗ್ರಂಥಾಲಯದ ಕೋಣೆಯಲ್ಲಿ ನನಗೆ ತೋರಿಸಿ, ಮೂಲೆಯಲ್ಲಿ ಕುಳಿತು ನೋಡಿ, ವಾಪಸು ಕರೆದೊಯ್ದು ಬಿಟ್ಟು, ನಡೆದದ್ದನ್ನು ಇಲಾಖೆಗೆ ಬರೆದು ಕೊಡುವ ಕೆಲಸ ಅವರದು. ನಾನು ಮಗುವಿಗೆ ಒಂದು ಲೋಟ ನೀರನ್ನೂ ಕೊಡುವಂತಿರಲಿಲ್ಲ. ಹೊರಡುವಾಗ ಅವಳು ನನ್ನ ಲಂಗ ಹಿಡಿದು ಚೀರುತ್ತಿದ್ದಳು. ಥೆಲ್ಮಾ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸುತ್ತಿದ್ದರು. ಘಾಟಿ ಹತ್ತುವ ಮುಂಚೆ ಮಕ್ಕಳ ಬಾಯಿಗೆ ಸಕ್ಕರೆ ಪಾಕದ ಒಂದು ಬಾರ್ಲಿ ಮಿಠಾಯಿ ಹಾಕುವುದು ನಮ್ಮ ಕಡೆಯ ಪದ್ಧತಿ ತಾನೇ? ತಿರುವಿನಲ್ಲಿ ಹೊಟ್ಟೆ ತೊಳಸಬಾರದು, ಅಳುವ ಮಗು ಸಮಾಧಾನವಾಗಬೇಕು. ಥೆಲ್ಮಾ ಅವರೂ ಹಾಕಿದರು. ಪ್ರೀತಿಯಿಂದ ಹಾಕಿದರು.

ಮಗು ಮೇಲೆ ತಲುಪುವಷ್ಟರಲ್ಲಿ ಬಿಳಿಚಿಕೊಂಡು ವಾಂತಿ ಮಾಡುತ್ತಿತ್ತು. ಥೆಲ್ಮಾ ಬರೆದರು: 'ತಾಯಿಯ ಭೇಟಿಯ ನಂತರ ಮಗುವಿಗೆ ಕಾಯಿಲೆ.' ಮತ್ತೆ ಭೇಟಿ, ಮತ್ತೆ ಅದೇ ಸಾಲು. ಅವರು ಸುಳ್ಳು ಬರೆದಿದ್ದರೆ ನಾನು ಜಗಳವಾಡಬಹುದಿತ್ತು. ಅವರು ಬರೆದದ್ದು ನಿಜ. ನಿಜದ ಜೊತೆ ಜಗಳವಾಡುವುದು ಹೇಗೆ? ಬರುಬರುತ್ತಾ ನನಗೇ ಅನುಮಾನ ಹತ್ತಿತು. ನನ್ನ ಕೈಯಲ್ಲೇ ಏನಾದರೂ ಇದೆಯೇನೋ, ನನ್ನ ಉಸಿರಿನಲ್ಲೇ ಇದೆಯೇನೋ ಎಂದು ಭೇಟಿಯ ದಿನ ಚರ್ಮ ಕಿತ್ತುಬರುವ ತನಕ ಕೈ ಉಜ್ಜಿಕೊಳ್ಳುತ್ತಿದ್ದೆ. ಕಡೆಕಡೆಗೆ ಅವಳನ್ನು ಅಪ್ಪಿಕೊಳ್ಳಲೂ ಹೆದರಿಕೆಯಾಗುತ್ತಿತ್ತು. ಇದನ್ನು ನಾನು ರೆನ್ಜೊಗೂ ಹೇಳಿರಲಿಲ್ಲ. ರೆನ್ಜೊ, ಈಗ ಕೇಳಿಸಿತಲ್ಲ, ಎದ್ದು ಬರಬೇಡಿ, ಕುಳಿತುಕೊಳ್ಳಿ. ನಾನು ಚೆನ್ನಾಗಿದ್ದೇನೆ.

ಆ ವರ್ಷದ ಮಳೆಗಾಲದಲ್ಲಿ ಹೊಳೆ ಸೇತುವೆಯ ಮೇಲೆ ಬಂತು. ಥೆಲ್ಮಾ ಮಗುವನ್ನು ಕರೆದುಕೊಂಡು ಘಾಟಿ ಇಳಿದು ಬಂದಾಗಿತ್ತು. ನಾನು ಈ ದಡದಲ್ಲಿ, ಮಗು ಆ ದಡದಲ್ಲಿ, ನಡುವೆ ಕೆಂಪು ನೀರು. ನಾನು ಹಳದಿ ಮಳೆಯಂಗಿ ಬಿಚ್ಚಿ ಬೀಸಿದೆ. ಅವಳೂ ಎರಡೂ ಕೈ ಎತ್ತಿ ಬೀಸಿದಳು. ಅಷ್ಟೇ ಆ ದಿನದ ಭೇಟಿ. ಅವಳು ಅಂದು ಅತ್ತದ್ದನ್ನು ನೋಡಲಾರದೆ ಥೆಲ್ಮಾ ಒಂದಲ್ಲ, ಮಿಠಾಯಿಯ ಪೊಟ್ಟಣವನ್ನೇ ಕೊಟ್ಟು, ತಿನ್ನು ತಿನ್ನು ಎಂದು ಓಲೈಸಿದರು. ಘಾಟಿಯ ಮೇಲೆ ಮಗುವಿಗೆ ಸೆಳೆತ ಬಂತು. ಮೇಲಿನ ಆಸ್ಪತ್ರೆಯಲ್ಲಿ ಅವಳು ಉಳಿಯುತ್ತಾಳೋ ಇಲ್ಲವೋ ಎನ್ನುವಾಗಲೂ ನಾನು ಈ ದಡದಲ್ಲೇ ಇದ್ದೆ.

ನೀರು ಇಳಿದ ಮೇಲೆ ನ್ಯಾಯಾಧೀಶರ ಮುಂದೆ ವಿಚಾರಣೆ ನಡೆಯಿತು. ಥೆಲ್ಮಾ ಅವರನ್ನು ನನ್ನ ವಿರುದ್ಧ ಸಾಕ್ಷಿಯೆಂದೇ ಕರೆದಿದ್ದರು. ಅವರು ಎದ್ದು ನಿಂತರು. ಟೋಪಿ ಸರಿಮಾಡಿಕೊಂಡರು. "ಅವತ್ತು ಈ ತಾಯಿ ಹೊಳೆಯಾಚೆ ಇದ್ಲು ಸ್ವಾಮಿ. ಮಗೂನ ಬೆರಳಲ್ಲೂ ಮುಟ್ಟಿಲ್ಲ. ಮಗು ಬಾಯಿಗೆ ಏನಾದ್ರೂ ಹೋಗಿದ್ರೆ ಅದು ನನ್ ಕೈಯಿಂದ ಹೋದ ಮಿಠಾಯಿ. ಇವಳ ಮೇಲೆ ಬರ್ಕೊಂಡಿರೋದನ್ನೆಲ್ಲ ಹೊಡೆದುಹಾಕಿ, ಇಲ್ಲಾಂದ್ರೆ ಅಲ್ಲಿ ನನ್ ಹೆಸರು ಬರ್ಕೊಳ್ಳಿ" ಎಂದರು. ಯಾರೋ ವಕೀಲರು, "ಅಮ್ಮಾ, ನಿಮಗೆ ಕೇಳಿದ್ದು ಅದಲ್ಲ" ಎಂದರು. "ನೀವು ಕೇಳ್ದೇ ಇರೋದಕ್ಕೇ ಹೇಳ್ತಿದೀನಿ" ಎಂದರು ಥೆಲ್ಮಾ.

ದಕ್ಷಿಣದಿಂದ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಒಬ್ಬರು ಆ ಮಿಠಾಯಿಯ ಮಾತು ಹಿಡಿದುಕೊಂಡು ಮಗುವನ್ನೇ ಕೇಳಿದರು. ಮಗು ಹೇಳಿತು, ಸಿಹಿ ಕಚ್ಚುತ್ತದೆ ಎಂದು. ಅವರು ನಗಲಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದರು. ಹಣ್ಣಿನ, ಕಬ್ಬಿನ ಸಿಹಿಯನ್ನು ಅರಗಿಸಿಕೊಳ್ಳಲಾರದ ಮೈ ಅವಳದು. ಹುಟ್ಟಿನಿಂದ ಬಂದದ್ದು, ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದದ್ದು. ಆಸ್ಪತ್ರೆಯ ಗ್ಲೂಕೋಸ್ ಒಗ್ಗುತ್ತದೆ, ಈ ಸಿಹಿ ಒಗ್ಗದು. ಸಿಹಿ ಬಿಟ್ಟರೆ ಸರಿ, ಬೇರೆ ಔಷಧಿಯೇ ಬೇಡ. ನಮಗೆ ಇಲಾಖೆಯಿಂದ ಬಂದ ಉತ್ತರ: 'ಪ್ರಕರಣ ಮುಕ್ತಾಯ.' ಮುಖ್ಯ ಅತಿಥಿಗಳೇ, ಆಗ ನೀವು ಬಹುಶಃ ಶಾಲೆಗೆ ಹೋಗುತ್ತಿದ್ದಿರಿ, ನಿಮ್ಮನ್ನು ಅನ್ನುತ್ತಿಲ್ಲ. ಮಕ್ಕಳಿಗೆ ಕೇಡು ಮಾಡುವ ತಾಯಂದಿರೂ ಎಲ್ಲೋ ಇರುತ್ತಾರೆ, ನೋಡಬೇಕಾದದ್ದು ನಿಮ್ಮ ಕೆಲಸ. ನೋಡುವಾಗ ಮಗುವಿನ ಮಾತನ್ನೂ ಕೇಳಿ ಎಂದಷ್ಟೇ ನನ್ನ ಬಿನ್ನಹ.

ಮುಕ್ತಾಯವಾಯಿತೇ? ನೆರಿಡಾ ಮನೆಗೆ ಬಂದಳು. ಬಂದವಳು ಕಾಯಿಲೆ ಬೀಳುವುದನ್ನೇ ಬಿಟ್ಟಿದ್ದಳು. ಆಟದಲ್ಲಿ ಬಿದ್ದು ಮೊಣಕಾಲು ಕಿತ್ತುಕೊಂಡರೆ ಉದ್ದ ಕಾಲುಚೀಲ ಏರಿಸಿ ಮುಚ್ಚುತ್ತಿದ್ದಳು. ನಾನು ಕೇಳುವ ಮುಂಚೆಯೇ "ಚೆನ್ನಾಗಿದೀನಿ ಅಮ್ಮಾ" ಎನ್ನುತ್ತಿದ್ದಳು. ಒಂದು ಸಂಜೆ ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಓಕರಿಸುವುದು ಕೇಳಿಸಿತು. ಬಾಗಿಲು ತಟ್ಟಿದೆ. ಒಳಗಿನಿಂದ, "ಹಾಡ್ತಾ ಇದೀನಿ ಅಮ್ಮಾ" ಎಂದಳು. ಸಭಿಕರೇ, ತನಗೆ ಕಾಯಿಲೆಯಾದರೆ ಅಮ್ಮನನ್ನು ಕಿತ್ತುಕೊಳ್ಳುತ್ತಾರೆ ಎಂದು ಆ ಮಗು ಲೆಕ್ಕ ಹಾಕಿಕೊಂಡುಬಿಟ್ಟಿತ್ತು. ಈ ಲೆಕ್ಕವನ್ನು ಯಾವ ನ್ಯಾಯಾಧೀಶರು ಹೊಡೆದುಹಾಕುತ್ತಾರೆ? ಮನೆಗೆ ಮರಳಿದ ಮಗಳು ನನಗೆ ಇನ್ನೂ ಸಿಕ್ಕಿರಲಿಲ್ಲ.

ಹಾಗೇ ಬಹಳ ಕಾಲ ಕಳೆಯಿತು. ಒಂದು ಬೆಳಿಗ್ಗೆ ಮೇಲಿನ ಆಸ್ಪತ್ರೆಗೆ ತಪಾಸಣೆಗೆ ಹೊರಟೆವು. ಥೆಲ್ಮಾ ಅವರದೇ ಕಾರು. ಹಿಂದಿನ ಸೀಟಿನಲ್ಲಿ ನಾನು, ನೆರಿಡಾ. ಘಾಟಿಯ ದೊಡ್ಡ ತಿರುವಿನಲ್ಲಿ ಅವಳ ಮುಖ ಬಾಡಿತು. ಬಿಗಿಹಿಡಿದು ಕುಳಿತಳು. ಮತ್ತೊಂದು ತಿರುವು ಬಂತು. ಅವಳ ಕೈ ಮೆಲ್ಲನೆ ಬಂದು ನನ್ನ ಕೈ ಹಿಡಿಯಿತು. "ಅಮ್ಮಾ... ವಾಂತಿ ಬರ್ತಿದೆ."

ಥೆಲ್ಮಾ ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದರು. ಅವರ ಮುಖ ಕಂಡದ್ದೇ ನೆರಿಡಾ ಗರ ಬಡಿದವಳಂತಾದಳು. ಯಾರ ಮುಂದೆ ಹೇಳಬಾರದಿತ್ತೋ ಅವರ ಮುಂದೆಯೇ ಹೇಳಿಬಿಟ್ಟಿದ್ದಳು. ಕೇಳಿಸಿಯೂ ಕೇಳಿಸದ ದನಿಯಲ್ಲಿ ಕೇಳಿದಳು: "ಥೆಲ್ಮಾ ಅಜ್ಜಿ, ಬರ್ಕೊಳ್ತೀರಾ?"

ಥೆಲ್ಮಾ ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇತ್ತು. ಮೂವರಿಗೂ ಕಾಣಿಸುತ್ತಿತ್ತು.

"ಹೆಂಗೆ ಬರ್ಕೊಳ್ಳಲಿ ಕಂದಾ?" ಎಂದರು ಥೆಲ್ಮಾ. "ನನ್ ಹತ್ರ ಪೆನ್ನೇ ಇಲ್ವಲ್ಲ."

ನೆರಿಡಾ ಆ ಪೆನ್ನನ್ನು ನೋಡಿದಳು. ಅವರ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಮಡಿಲ ತುಂಬ ವಾಂತಿ ಮಾಡಿದಳು. ಏನೂ ಇಲ್ಲ, ಬರೀ ಘಾಟಿಯ ವಾಂತಿ, ನಿಮ್ಮೆಲ್ಲರ ಮಕ್ಕಳೂ ಮಾಡುವಂಥದ್ದು. ಅದನ್ನು ಹಿಡಿದುಕೊಂಡು ನಾನು ಕುಳಿತಿದ್ದೆ. ನನ್ನ ಮಗಳು ನನಗೆ ವಾಪಸು ಬಂದದ್ದು ಅವತ್ತು.

ಥೆಲ್ಮಾ, ಎಂದೂ ನಿಜವನ್ನೇ ಬರೆದ ನೀವು ಅಂದು ಹೇಳಿದ ಆ ಒಂದು ಸುಳ್ಳಿಗಾಗಿ ನಾನು ಇಂದು ಈ ವೇದಿಕೆ ಹತ್ತಿದೆ. ಸಹಿಸಿಕೊಂಡು ಕೇಳಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ಗಡಿಯಾರ ನೋಡುವುದನ್ನು ಬಿಟ್ಟ ಕಾರ್ಯದರ್ಶಿಗಳಿಗೆ, ಈ ಊರಿನ ನಿಮಗೆಲ್ಲರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.