ನಸ್ಯ ಮುಟ್ಟದವಳ ಕೆಮ್ಮು

ಊರೆಲ್ಲ ಮಲಗಿದ ಹೊತ್ತು. ಪಕ್ಕದ ಕೋಣೆಯಿಂದ ಒಂದು ಸಣ್ಣ ಕೆಮ್ಮು ಕೇಳಿಸಿತು. ಜೋರು ಕೆಮ್ಮಲ್ಲ. ಗಂಟಲು ಸರಿಮಾಡಿಕೊಳ್ಳುವಾಗ ಬರುತ್ತದಲ್ಲ, ಹ್ಹುಂ, ಅಷ್ಟೇ. ಹಾಸಿಗೆಯಲ್ಲಿದ್ದ ಸಂಗೀತದ ಅಕ್ಕಾವ್ರು ಕಣ್ಣು ಬಿಟ್ಟರು. ಯಾಕೆಂದರೆ, ನೋಡಿ, ಆ ಕೆಮ್ಮು ಅವರದೇ ಆಗಿತ್ತು. ಅವರು ಕೆಮ್ಮಿರಲಿಲ್ಲ.

ಒಂದೂರಲ್ಲಿ ಇಂಥ ಒಬ್ಬ ಅಕ್ಕಾವ್ರು ಇದ್ದರು ಅಂತ ಇಟ್ಟುಕೊಳ್ಳಿ. ಊರಿನ ಹೆಸರು ಬೇಡ, ಅವರ ಹೆಸರೂ ಬೇಡ. ಹೆಸರು ಸಿಕ್ಕರೆ ನೀವು ಅವರ ಮನೆ ಹುಡುಕಿಕೊಂಡು ಹೋಗುತ್ತೀರಿ, ನಿಮ್ಮ ಮನೆ ಮರೆಯುತ್ತೀರಿ.

ಹಾಡು ಕಲಿಸುವುದರಲ್ಲಿ ಅವರದು ಒಂದೇ ರೀತಿ. ಶಿಷ್ಯೆ ಎದುರಿಗೆ ಕೂರಬೇಕು, ಅವರ ಬಾಯಿ ನೋಡಬೇಕು, ಅವರು ಹಾಡಿದ್ದನ್ನು ಹಾಗೆಯೇ ತಿರುಗಿ ಹಾಡಬೇಕು. ಕೂದಲೆಳೆಯಷ್ಟು ಬೇರೆಯಾದರೂ, "ಮತ್ತೊಮ್ಮೆ. ಮೊದಲಿಂದ." ಎಷ್ಟು ಸಲ? ತಂಬೂರಿ ಹಿಡಿದ ಕೈ ಜೋಮು ಹಿಡಿಯುವವರೆಗೆ. ಮೇಲಿನ 'ಸಾ'ಗೆ ಏರುವ ಮುಂಚೆ ಅಕ್ಕಾವ್ರು ಹ್ಹುಂ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಶಿಷ್ಯೆಯರು ಅದನ್ನೂ ಕಲಿತರು. ಅದೂ ಹಾಡಿನದೇ ಭಾಗ ಅಂದುಕೊಂಡರು! ಜನರೆದುರು ಹಾಡುವ ಬೈಠಕಿನಲ್ಲಿ ಆ ಕೆಮ್ಮು ಕೇಳಿದರೆ ಸಾಕು, "ಇಕಿ ಅಕ್ಕಾವ್ರ ಕೈಯಾಗಿನ ಹುಡುಗಿ" ಎಂದು ಹಿರಿಯರು ತಲೆದೂಗುತ್ತಿದ್ದರು. ಅಕ್ಕಾವ್ರಿಗೆ ಬೇಜಾರಾಗುತ್ತಿತ್ತೇ? ಇಲ್ಲ. ಹಿಗ್ಗುತ್ತಿದ್ದರು.

ಆ ಮನೆಯಲ್ಲೇ ಉಳಿದು ಕಲಿಯುತ್ತಿದ್ದವಳು ನೀಲಿ. ಕುರಿ ಸಾಕುವವರ ಮಗಳು. ಏಳು ವರ್ಷದ ಹಿಂದೆ ಬಂದಾಗ ಅವಳದು ದಪ್ಪ ದನಿ, ಅಂಚಿನಲ್ಲಿ ಸ್ವಲ್ಪ ಒರಟು. ಮೊದಲ ದಿನ ತನ್ನವ್ವ ಕಲಿಸಿದ ಬೀಸುವ ಪದ ಹಾಡಿದಳು. ಅಕ್ಕಾವ್ರ ತೋಳಿನ ಕೂದಲು ನಿಮಿರಿ ನಿಂತವು. ಆದರೆ ಬಾಯಿ ಏನಂದಿತು? "ಇದು ಕುರಿ ಕರಿಯೋ ದನಿ. ಮದ್ಲ ಇದನ್ನ ಮುರೀಬೇಕು."

ಮುರಿದರು. ಈಚಿನ ಒಂದು ವರ್ಷದಿಂದ ಅವಳು ಮನೆಗೆ ಫೋನು ಮಾಡುವುದನ್ನೂ ನಿಲ್ಲಿಸಿದ್ದರು. ಊರವರ ಜೊತೆ ಮಾತಾಡಿದರೆ ದನಿ ಊರ ಕಡೆಗೇ ಓಡುತ್ತದೆ ಎಂಬುದು ಅವರ ಲೆಕ್ಕ. ಬರುವ ಭಾನುವಾರ ನೀಲಿಯ ಮೊದಲ ಬೈಠಕ್.

ಸರಿ, ಅಕ್ಕಾವ್ರು ಎದ್ದು ಹೋಗಿ ನೋಡಿದರು. ನೀಲಿ ಗಾಢ ನಿದ್ದೆಯಲ್ಲಿದ್ದಳು. ತುಟಿಗಳು ಮಾತ್ರ ಆಡುತ್ತಿದ್ದವು. "ಮತ್ತೊಮ್ಮೆ," ಅಂದಳು. "ಮೊದಲಿಂದ." ದನಿ ಅಕ್ಕಾವ್ರದು. ಅವರಂತೆ ಅಂತಲ್ಲ. ಅವರದೇ. ಆಮೇಲೆ, ಹ್ಹುಂ.

ಬೆಳಗಾಗುವುದನ್ನೇ ಕಾದಿದ್ದು ಅಕ್ಕಾವ್ರು ತಾವಾಗಿಯೇ ನೀಲಿಯ ತಾಯಿಗೆ ಫೋನು ಹಚ್ಚಿ, ಹುಡುಗಿಯ ಕೈಗೆ ಕೊಟ್ಟರು. ಆಚೆಯ ಮಾತು ಅವರಿಗೂ ಕೇಳುತ್ತಿತ್ತು.

"ಅವ್ವಾ, ಆರಾಮಿದ್ದೀ?" ಅಂದಳು ನೀಲಿ.

"ಹೂನ್ರಿ ಅಕ್ಕಾವ್ರ, ನಿಮ್ಮ ಆಶೀರ್ವಾದ. ನಮ್ಮ ನೀಲಿ ಎದ್ದಾಳೇನ್ರಿ? ವರ್ಷಾತು ಆಕಿ ದನಿ ಕೇಳಿ. ಚೂರು ಕೊಡ್ರಿ ಆಕಿ ಕೈಯಾಗ."

"ನಾನ ಅವ್ವಾ. ನೀಲಿ."

ಆಚೆಯವಳು ನಕ್ಕಳು. "ಅಯ್ಯ, ಚ್ಯಾಷ್ಟಿ ಮಾಡಬ್ಯಾಡ್ರಿ! ಹೆತ್ತ ಮಗಳ ದನಿ ನನಗ ಗೊತ್ತಾಗೂದಿಲ್ಲೇನ್ರಿ?"

ನೀಲಿ ಫೋನು ಚಾಚಿದಳು. "ಅಕ್ಕಾವ್ರ, ನೀವ ಹೇಳ್ರಿ ಆಕಿಗೆ, ಮಾತಾಡಿದ್ದು ನಾನ ಅಂತ."

ಒಂದು ಮಾತು, ತಾಯಂದಿರೇ. ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಅಕ್ಕಾವ್ರು ಫೋನು ಕಿವಿಗಿಟ್ಟುಕೊಂಡು, "ನೀಲಿ ಸಾಧನಾ ಮಾಡಾಕ ಕುಂತಾಳವ್ವಾ. ಆಮ್ಯಾಲೆ ಮಾಡಸ್ತೀನಿ," ಅಂದು ಇಟ್ಟುಬಿಟ್ಟರು. ಆಚೆಯವಳಿಗೆ ಮಾತಾಡುವವರು ಬದಲಾದದ್ದೇ ತಿಳಿಯಲಿಲ್ಲ.

"ಆ ಬೀಸೂ ಪದ ಹಾಡು," ಎಂದರು ಆಮೇಲೆ. ನೀಲಿ ಹಾಡಿದಳು. ಪದ ಸರಿ, ಧಾಟಿ ಸರಿ. ಮೇಲೇರುವ ಮುಂಚೆ, ಹ್ಹುಂ.

ಅಕ್ಕಾವ್ರು ಒಳಗೆ ಹೋಗಿ ಕದ ಹಾಕಿಕೊಂಡರು. ಆಗ, ಆಗಷ್ಟೇ, ಒಂದು ಯೋಚನೆ ಬಂತು. ತಾನಾದರೂ ಯಾಕೆ ಕೆಮ್ಮುತ್ತೇನೆ? ಅವರ ಗಂಟಲಿಗೆ ಯಾವ ರೋಗವೂ ಇರಲಿಲ್ಲ. ನಸ್ಯ ಏರಿಸುತ್ತಿದ್ದವರು ಅವರ ಗುರುಗಳು. ನಸ್ಯ ಗಂಟಲಿಗಿಳಿದು ಕೆಮ್ಮುತ್ತಿದ್ದವರು ಆ ಮುದುಕರು. ತೀರಿಕೊಂಡು ಮೂವತ್ತು ವರ್ಷವಾಯಿತು. ಅಕ್ಕಾವ್ರು ನಸ್ಯದ ಡಬ್ಬಿಯನ್ನು ಕೈಯಲ್ಲೂ ಹಿಡಿದವರಲ್ಲ.

ತಾವು ಎಳೆಯರಿದ್ದಾಗ ತಮ್ಮ ತಾಯಿ ಹಾಡುತ್ತಿದ್ದ ಜೋಗುಳವನ್ನು ಎತ್ತಿಕೊಂಡರು. ತಮ್ಮ ದನಿಯಲ್ಲಿ, ತಮ್ಮದೇ ದನಿಯಲ್ಲಿ ಹಾಡಬೇಕೆಂದು. ಬಾಯಿ ತೆರೆದರೆ ಹೊರಬಂದದ್ದು ಗಂಡಸಿನ ದನಿ. ಮುದುಕರದು. ನಡುವೆ ಅದು ಹಾಡು ನಿಲ್ಲಿಸಿ ಹೇಳಿತು: "ಮತ್ತೊಮ್ಮೆ. ಮೊದಲಿಂದ."

ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮಲ್ಲಿ ಯಾರೋ ಈಗ ಗಂಟಲು ಸರಿಮಾಡಿಕೊಂಡರು. ಇರಲಿ.

ಸೊಸೆ ಸಾರಿಗೆ ಒಗ್ಗರಣೆ ಹಾಕುವಾಗ "ಹಾಗಲ್ಲ, ಹೀಗೆ" ಎಂದು ಸೌಟು ಕಸಿದುಕೊಳ್ಳುತ್ತೀರಲ್ಲ, ಆ ಮಾತು ನಿಮ್ಮದೇ? ನಿಮ್ಮ ಅತ್ತೆಯದಲ್ಲವೇ? ಮಗ ಅರ್ಧ ಹೇಳಿದ್ದನ್ನು ನೀವೇ ಪೂರ್ತಿ ಮಾಡುತ್ತೀರಲ್ಲ, ಯಾರು ಮಾಡುತ್ತಿದ್ದರು ನಿಮಗೆ ಹಾಗೆ? ನೆನಪು ಮಾಡಿಕೊಳ್ಳಿ. ಕಲಿಸಬೇಡಿ ಎನ್ನುತ್ತಿಲ್ಲ. ಕಲಿಸಲೇಬೇಕು. ಆದರೆ ಕಲಿಯಲು ಬಂದವರ ದನಿ ಮೊದಲ ದಿನ ಹೇಗಿತ್ತು ಎಂಬುದನ್ನು ಮರೆಯಬೇಡಿ. ಇವತ್ತು ಮನೆಗೆ ಹೋಗಿ. ನಿಮ್ಮ ಕೈಕೆಳಗಿರುವ ಒಬ್ಬರು, ಮಗುವೋ ಸೊಸೆಯೋ ಕೆಲಸದವಳೋ, ಒಂದು ಮಾತು ಶುರುಮಾಡಿದರೆ ಅದು ಮುಗಿಯುವ ತನಕ ಸುಮ್ಮನಿರಿ. ಅವರ ದನಿಯನ್ನು ಈಗಾಗಲೇ ಮುರಿದಿದ್ದರೆ, ಮುರಿದೆ ಅಂತ ಅವರೆದುರಿಗೆ ಬಾಯಿಬಿಟ್ಟು ಹೇಳಿ. ಬಾಯಿಬಿಟ್ಟು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು.

ಅಕ್ಕಾವ್ರು ಹೇಳಿದರೇ? ಕೇಳಿ.

ಕದ ತೆಗೆದಾಗ ಹೊಸ್ತಿಲಾಚೆ ನೀಲಿ ನಿಂತಿದ್ದಳು. "ಅಕ್ಕಾವ್ರ, ಒಳಗ ಹಾಡಿದ ಅಜ್ಜಾರು ಯಾರ್ರಿ?"

ಅಕ್ಕಾವ್ರು ಹುಡುಗಿಯ ಮುಖ ನೋಡಿದರು. ಭಾನುವಾರಕ್ಕೆ ಐದೇ ದಿನ ಇತ್ತು. ಇವಳಿಗೂ ಹೇಳುವುದು ಬೇಡ, ಇವಳ ತಾಯಿಗೂ ಬೇಡ, ಸಾಯುವ ತನಕ ಯಾರಿಗೂ ಬೇಡ ಎಂದು ಅಲ್ಲೇ, ಆ ಹೊಸ್ತಿಲಲ್ಲೇ ನಿಶ್ಚಯ ಮಾಡಿದರು.

"ಒಳಗ ಯಾರೂ ಇಲ್ಲ. ತಂಬೂರಿ ತಗೋ. ಮತ್ತೊಮ್ಮೆ. ಮೊದಲಿಂದ."